ಬಾಗಿಲ ಬಳಿಯ ಬ್ಯಾಟರಿ

ಬ್ರೆಡ್ಡಣ್ಣನ ಬ್ಯಾಟರಿ ಸ್ಕೂಟರ್ ಎರಡು ಬೀದಿ ಓಡುವಷ್ಟರಲ್ಲಿ ಉಸ್ಸಪ್ಪಾ ಎಂದು ನಿಂತುಬಿಡುತ್ತಿತ್ತು. ಮನೆಮನೆಗೆ ಬ್ರೆಡ್ಡು ಹಾಕುವವನಿಗೆ ಸ್ಕೂಟರ್ ನಿಂತರೆ ಕೈ ಕಟ್ಟಿಹಾಕಿದಂತೆ. ಗುಜರಿ ಅಂಗಡಿಯಿಂದ ಹಳೆಯ ಲಿಥಿಯಂ ಬ್ಯಾಟರಿ ತಂದ. ಮೈತುಂಬ ಅಂಟುಪಟ್ಟಿ ಸುತ್ತಿತ್ತು. ಲೇಬಲ್ ಇಲ್ಲ, ರಸೀದಿ ಇಲ್ಲ. ಮನೆಯಲ್ಲಿ ಸರಿಯಾದ ಪ್ಲಗ್ಗು ಇದ್ದದ್ದು ಹೊರಬಾಗಿಲ ಪಕ್ಕದಲ್ಲಿ ಮಾತ್ರ. ಅಲ್ಲೇ ಓಡಾಡುವ ದಾರಿಯಲ್ಲಿ ಚಾರ್ಜಿಗಿಟ್ಟು, ಧೂಳು ಕೂರಬಾರದೆಂದು ಅಮ್ಮನ ಶಾಲು ಹೊದಿಸಿದ. ಪುಣ್ಯಾತ್ಮ, ಹೆಂಡತಿಗೆ ನೆಗಡಿಯಾದಾಗಲೂ ಇಷ್ಟು ಉಪಚಾರ ಮಾಡಿದವನಲ್ಲ!

ಭಾನುವಾರ ಅವನ ಅಕ್ಕ ಬಂದಳು. ಬ್ಯಾಟರಿ ವಾಹನಗಳ ರಿಪೇರಿ ಅವಳ ಕೆಲಸ. ಶಾಲು ಸರಿಸಿ ನೋಡಿದವಳೇ ಸ್ವಿಚ್ ಆರಿಸಿ ವೈರು ಕಿತ್ತಳು.

"ಇದರ ಹೊಟ್ಟೆ ಉಬ್ಬಿದೆ ಕಣೋ. ಮಾರಿದವನು ಪರೀಕ್ಷೆ ಮಾಡ್ಸಿದ್ದಾನಾ?"

"ಓಡ್ತಿದೆಯಲ್ಲಕ್ಕಾ, ಇನ್ನೇನು ಪರೀಕ್ಷೆ? ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ."

"ಒಳಗೆ ಕೆಟ್ಟಿದ್ರೆ ಚಾರ್ಜ್ ಆಗ್ತಾ ಆಗ್ತಾನೇ ಹೊತ್ತಿಕೊಳ್ಳುತ್ತೆ. ಹಳೇದನ್ನ ಪರೀಕ್ಷೆ ಮಾಡಿಸ್ದೆ ಮಾರಬಾರ್ದು ಅನ್ನೋದು ಅದಕ್ಕೇ."

"ನಿಯಮ, ನಿಯಮ! ನಮ್ಮಂಥೋರು ಬದುಕೋದು ಬೇಡ್ವಾ?"

ಅಕ್ಕ ಒಳಕೋಣೆಯತ್ತ ತಿರುಗಿ ಕೂಗಿದಳು: "ಅಮ್ಮಾ, ಒಂಚೂರು ಹೊರಗೆ ಬಾಮ್ಮಾ."

ಅಮ್ಮನಿಗೆ ಮಂಡಿನೋವು. ಮಂಚ ಹಿಡಿದು ಎದ್ದಳು, ಗೋಡೆ ಹಿಡಿದು ಬಂದಳು. ಬಾಗಿಲಲ್ಲಿ ಬ್ಯಾಟರಿ ಅಡ್ಡವಾಯಿತು. ಕಾಲೆತ್ತಲಾರದೆ ನಿಂತು, "ಇದನ್ನ ದಾಟೋದು ಹೇಗೋ ಮಗಾ?" ಎಂದಳು.

ಬ್ರೆಡ್ಡಣ್ಣ ಅಮ್ಮನನ್ನೂ ಬ್ಯಾಟರಿಯನ್ನೂ ಒಮ್ಮೆ ನೋಡಿದ. ಮನೆಗಿರುವುದು ಅದೊಂದೇ ಬಾಗಿಲು. ಅಲ್ಲೇ ಬೆಂಕಿ ಎದ್ದಿದ್ದರೆ? ಓಡಿ ಹೋಗಿ ಅಮ್ಮನ ಕೈ ಹಿಡಿದುಕೊಂಡ.

"ಅಕ್ಕಾ, ಇದು ಇನ್ನು ಮನೇಲಿ ಬೇಡ."

ಬ್ಯಾಟರಿ ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡು ಅಕ್ಕ ಅದನ್ನು ಮನೆಯಿಂದ ದೂರ ಬರಿನೆಲದ ಮೇಲಿಟ್ಟಳು. ಹಳೆಯ ಬ್ಯಾಟರಿ ಒಯ್ಯುವವರಿಗೆ ಫೋನ್ ಮಾಡಿದಳು. ಬೇರೆಯದು ಸಿಗುವವರೆಗೆ ಬ್ರೆಡ್ಡಣ್ಣ ಏದುಸಿರು ಬಿಡುತ್ತಾ ಸೈಕಲ್ ತುಳಿದ. ಈಗ ಪರೀಕ್ಷೆಯಾದ, ರಸೀದಿಯಿರುವ ಬ್ಯಾಟರಿ ಬಂದಿದೆ. ಅದು ಅದರದ್ದೇ ಚಾರ್ಜರಿನಲ್ಲಿ, ಅಕ್ಕನ ಗ್ಯಾರೇಜಿನಲ್ಲಿ ಚಾರ್ಜ್ ಆಗುತ್ತದೆ. ಶಾಲು ಮತ್ತೆ ಅಮ್ಮನ ಹೆಗಲೇರಿದೆ.

ಹಳೆಯ ಬ್ಯಾಟರಿ ಕೊಳ್ಳುವ ಮುನ್ನ ನೀವೂ ಕೇಳಿ: ಪರೀಕ್ಷೆ ಆಗಿದೆಯೇ? ರಸೀದಿ ಕೊಡುತ್ತೀರಾ? ಉಬ್ಬಿದ್ದನ್ನು, ವಾಸನೆ ಬರುವುದನ್ನು ಬಳಸಲೇಬೇಡಿ. ಚಾರ್ಜಿಗಿಟ್ಟಿದ್ದಕ್ಕೆ ಬಟ್ಟೆ ಹೊದಿಸಬೇಡಿ. ಮತ್ತೆ ಇವತ್ತೇ, ಈಗಲೇ, ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಒಳಗಿನಿಂದ ಹೊರಬಾಗಿಲ ತನಕ ಒಮ್ಮೆ ಕರೆದು ನೋಡಿ. ಅವರ ದಾರಿಯಲ್ಲಿ ಏನಿದೆ?