ಮಂಗಳ ಗ್ರಹದ ನೌಕಾಪಡೆ

ಅಪ್ಪನ ಕೆಲಸದ ಕೋಣೆಯಲ್ಲಿ ಮಗಳು ಮೂರನೆಯ ಡ್ರಾಯರ್ ಎಳೆದಾಗ ಅದು ಪೂರ್ತಿ ಕಳಚಿ ಕೈಗೇ ಬಂತು. ಒಳಗೆ ಹಲ್ಲಿನ ಅಚ್ಚುಗಳು, ಪುಟಾಣಿ ವಿಮಾನದ್ದೊಂದು ರೆಕ್ಕೆ. ಹುಡುಕುತ್ತಿದ್ದ ಹಲ್ಲಿನ ಸೆಟ್ಟು ಮಾತ್ರ ಇರಲಿಲ್ಲ.

"ಹೊರಗೆ ಅಪ್ಪನ ಹೆಣ ಇಟ್ಕೊಂಡು ಇಲ್ಲೇನಮ್ಮಾ ತಡಕಾಡ್ತಿದೀಯ?" ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿದರು. "ಗಾಡಿ ಹತ್ತೂವರೆಗೆ ಬರುತ್ತೆ."

"ಟೀಚರಮ್ಮ ಬಂದಿದಾರೆ ಚಿಕ್ಕಪ್ಪ. ಇವತ್ತು ಹತ್ತು ಗಂಟೆಗೆ ಹಲ್ಲು ಕೊಡ್ತೀನಿ ಅಂದಿದ್ರಂತೆ ಅಪ್ಪ."

ಪಾಪ, ಆಕೆಗೆ ಸಾವಿನ ಸುದ್ದಿ ತಿಳಿದದ್ದೇ ಬಾಗಿಲಿಗೆ ಬಂದ ಮೇಲೆ. ಬೊಚ್ಚು ಬಾಯಿಗೆ ಕೈ ಅಡ್ಡ ಹಿಡಿದು "ಇವತ್ತು ಬೇಡಮ್ಮ" ಎಂದು ಹೊರಟವರನ್ನು ಮಗಳೇ ಕೂರಿಸಿದ್ದಳು. ಮೂರು ತಿಂಗಳಿಂದ ಆಕೆ ಯಾರೆದುರೂ ಊಟಕ್ಕೆ ಕೂತವರಲ್ಲ.

"ಸಿಗಲ್ಲ ಬಿಡು. ಹಲ್ಲು ಕಟ್ಟೋಕೆ ಇದ್ದ ಪುಡಿಯೆಲ್ಲಾ ಇದಕ್ಕೇ ಸುರಿದಿರ್ತಾನೆ," ಎಂದು ಚಿಕ್ಕಪ್ಪ ಮೇಜಿನತ್ತ ಕೈ ಮಾಡಿದರು. "ಆಟದ ಸಾಮಾನು ಅಂದ್ರೆ ಅವನಿಗೆ ಮೈಮೇಲೆ ಎಚ್ಚರ ಇರ್ತಿರ್ಲಿಲ್ಲ."

ಮೇಜಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು ಅಪ್ಪ ಮಾಡುತ್ತಿದ್ದ ವಿಮಾನವಾಹಕ ನೌಕೆಯ ಮಾದರಿ. ಬಟ್ಟೆ ಸರಿಸಲು ಮಗಳಿಗೆ ಧೈರ್ಯ ಬರಲಿಲ್ಲ.

*

ಹಲ್ಲು ಕಟ್ಟುವುದು ಅಪ್ಪನ ಕಸುಬು. ಯುದ್ಧವಿಮಾನ, ಯುದ್ಧನೌಕೆ ಅವರ ಹುಚ್ಚು. ಒಂದನ್ನೂ ಹತ್ತಿದವರಲ್ಲ. ಆದರೆ ಯಾವ ವಿಮಾನದ ರೆಕ್ಕೆ ಎಷ್ಟು ಓರೆ, ಯಾವ ನೌಕೆಯ ಮೇಲೆ ವಿಮಾನ ಇಳಿಯುವ ಡೆಕ್ಕು ಎಷ್ಟುದ್ದ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ತಪ್ಪದೆ ಹೇಳುತ್ತಿದ್ದರು. ಹಲ್ಲಿನ ಸೆಟ್ಟಿಗೆ ಕಲಸುವ ಗುಲಾಬಿ ಪುಡಿಯಲ್ಲೇ ಅವುಗಳ ಮಾದರಿ ಮಾಡುತ್ತಿದ್ದರಿಂದ ಇಡೀ ನೌಕಾಪಡೆಗೆ ಒಸಡಿನ ಬಣ್ಣ. ಅಚ್ಚಿನ ಮೇಣ ಕಚ್ಚಿ ಕೂತವರು ಬಾಯಿ ಬಿಡುವಂತಿಲ್ಲವಲ್ಲ, ಅಪ್ಪನ ಉಪನ್ಯಾಸವೆಲ್ಲ ಅವರಿಗೆ.

ಟೀಚರಮ್ಮ ಮಾತ್ರ ತಡೆಯಲಾರದೆ ಮೇಣ ಕಿತ್ತು ಕೇಳಿದ್ದರು: "ಗುಲಾಬಿ ಯುದ್ಧನೌಕೆ ಎಲ್ಲಾದ್ರೂ ಇರುತ್ತೇನಪ್ಪ?"

"ಮಂಗಳ ಗ್ರಹಕ್ಕೆ ಮೇಡಂ. ಅಲ್ಲಿ ನೆಲ, ಆಕಾಶ ಎಲ್ಲಾ ಹೆಚ್ಚು ಕಮ್ಮಿ ಇದೇ ಬಣ್ಣ. ಶತ್ರು ಕಣ್ಣಿಗೆ ಬೀಳಲ್ಲ."

"ಅಲ್ಲಿ ನೀರೆಲ್ಲಿದೆ?"

"ಅದಕ್ಕೇ ಚಕ್ರ ಹಾಕಿದೀನಿ."

ಎರಡನೆಯ ಅಚ್ಚು ಟೀಚರಮ್ಮನ ನಗುವಿಗೇ ಕೆಟ್ಟಿತು.

ಹೋದ ವಾರ ಅಪ್ಪ ಪುಡಿಯ ಡಬ್ಬಿ ಬಗ್ಗಿಸಿ ನೋಡಿದ್ದರು. "ಒಂದಕ್ಕೆ ಸಾಕು. ಡೆಕ್ಕು, ಇಲ್ಲಾ ಟೀಚರಮ್ಮನ ಹಲ್ಲು. ಹೊಸ ಡಬ್ಬಿ ಬರೋದು ಮುಂದಿನ ತಿಂಗಳು."

ಮುಂದಿನ ತಿಂಗಳ ಬಗ್ಗೆ ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಅದು ಅಪ್ಪ, ಮಗಳು ಇಬ್ಬರಿಗೂ ಗೊತ್ತಿತ್ತು. ಎಂಟು ವರ್ಷ ಕೂತು ಕಟ್ಟಿದ ನೌಕೆ ಅದು.

"ಡೆಕ್ಕೇ ಮಾಡಿಬಿಡಿ ಅಪ್ಪ," ಎಂದಿದ್ದಳು ಮಗಳು. ಅವರು ನಕ್ಕು ಡಬ್ಬಿಯ ಮುಚ್ಚಳ ಹಾಕಿದ್ದರು.

*

ಮಗಳು ಬಟ್ಟೆ ಎಳೆದಳು.

ನೌಕೆಗೆ ಡೆಕ್ಕು ಇರಲಿಲ್ಲ. ಒಳಗಿನ ಎಂಜಿನ್ ಕೋಣೆ, ಸಿಪಾಯಿಗಳ ಸಣ್ಣ ಸಣ್ಣ ಮಂಚ ಎಲ್ಲ ತೆರೆದು ಬಿದ್ದಿದ್ದವು. ಪಕ್ಕದಲ್ಲೇ ನೀರಿನ ಬಟ್ಟಲು. ಅದರಲ್ಲಿ ಹೊಳೆಯುವ ಹೊಸ ಹಲ್ಲಿನ ಸೆಟ್ಟು. ಬಟ್ಟಲಿಗೆ ಚೀಟಿ ಅಂಟಿಸಿತ್ತು: 'ಟೀಚರಮ್ಮ, ಹತ್ತು ಗಂಟೆ'.

ಅಪ್ಪನ ಬಗ್ಗೆ ಹೆಮ್ಮೆಯೂ ಅಳುವೂ ಒಟ್ಟಿಗೇ ಉಕ್ಕಿ ಬಂದವು ಅವಳಿಗೆ. ಚಿಕ್ಕಪ್ಪ ಡೆಕ್ಕಿಲ್ಲದ ನೌಕೆಯನ್ನು ನೋಡುತ್ತಲೇ ನಿಂತರು.

"ತಪ್ಪು ತಿಳ್ಕೊಂಡಿದ್ದೆ ಕಣಮ್ಮ," ಎಂದರು.

ಮಗಳು ಬಟ್ಟಲು ತಂದು ಕೊಟ್ಟಾಗ ಈ ಸಲ ಟೀಚರಮ್ಮ ಬೇಡವೆನ್ನಲಿಲ್ಲ. ಗೋಡೆಯತ್ತ ತಿರುಗಿ ಹಲ್ಲು ಹಾಕಿಕೊಂಡು ಎರಡು ಸಲ ಕಚ್ಚಿ ನೋಡಿದರು. ಆಮೇಲೆ ಶವದ ತಲೆಯ ಬಳಿ ಹೋಗಿ, ಮೆಲ್ಲಗೆ ಬಾಗಿ, ಅಪ್ಪ ನೋಡಲೆಂದು ಬಾಯಿ ಅಗಲಿಸಿ ನಿಂತರು.