ರಜೆ ಕೊಡದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಬೆಳಗಿನ ಪ್ರಾರ್ಥನೆ ಮುಗಿಸಿ ಏಳುವಾಗ. ಫೋನಿನಲ್ಲಿ ಅಕ್ಕನ ಸೊಸೆ ಒಂದೇ ಮಾತು ಹೇಳಿ ಬಿಕ್ಕಿದಳು. ನಾನು ಓಡಿಹೋಗುವಷ್ಟರಲ್ಲಿ ವಿಶ್ವವಿದ್ಯಾಲಯದ ಕುಲಪತಿಗಳು ಅಕ್ಕನ ಮನೆಯ ಹಜಾರದಲ್ಲಿ ಚಡಪಡಿಸುತ್ತ ನಿಂತಿದ್ದರು.

ಆ ವಿಶ್ವವಿದ್ಯಾಲಯ ಅಕ್ಕನೂ ಗಣಿತದ ಮೇಷ್ಟ್ರೂ ಸೇರಿ ಕಟ್ಟಿದ್ದು. ಭಾವನ ಕಾಗದದ ಕಾರ್ಖಾನೆ ಬೆಳೆಸಿ ಗಳಿಸಿದ್ದನ್ನೆಲ್ಲ ಅಕ್ಕ ಅದಕ್ಕೇ ಸುರಿದಳು. ಮೇಷ್ಟ್ರು ತಮ್ಮ ತಲೆಯನ್ನೂ ಗಂಟಲನ್ನೂ ಸುರಿದರು. ಇಬ್ಬರೂ ಜಗಳವಾಡದೆ ಅಲ್ಲಿ ಒಂದು ಗೋಡೆಯೂ ಎದ್ದಿಲ್ಲ. ಒಂದು ವಿಷಯದಲ್ಲಿ ಮಾತ್ರ ಅಕ್ಕನದೇ ಹಟ: ಎಂಥ ದೊಡ್ಡವರು ಸತ್ತರೂ ಪಾಠ ನಿಲ್ಲಕೂಡದು.

"ರಜೆ ಕೊಟ್ರೆ ಅಮ್ಮಾವ್ರ ಮಾತು ಮೀರಿದ ಹಾಗೆ. ಕೊಡದಿದ್ರೆ ಊರು ನನ್ನ ಮುಖಕ್ಕೆ ಉಗಿಯುತ್ತೆ. ನೀವೇ ಹೇಳ್ಬಿಡಿ ಯಜಮಾನ್ರೇ," ಎಂದರು ಕುಲಪತಿಗಳು.

ನನಗೆ ರಜೆ ಬೇಕಿತ್ತು. ಒಂದು ದಿನವಾದರೂ ನನ್ನ ಅಕ್ಕನಿಗಾಗಿ ಆ ಗೇಟು ಮುಚ್ಚಲಿ ಎನಿಸಿತ್ತು.

"ಕೊಡಿ," ಎಂದೆ.

ಮೂಲೆಯಲ್ಲಿದ್ದ ಮೇಷ್ಟ್ರು ತಲೆಯೆತ್ತಿದರು. "ನಿಮ್ಮ ಭಾವ ಹೋದಾಗ ನಾನೂ ಹಿಂಗೇ ಅಂದಿದ್ದೆ ಕಣಯ್ಯಾ. ನಿಮ್ಮಕ್ಕ ಏನಂದ್ರು ಗೊತ್ತಾ? 'ನಮ್ಮನೆಯವ್ರ ಹೆಸರಲ್ಲಿ ಹುಡುಗ್ರನ್ನ ಸಿನಿಮಾಕ್ಕೆ ಕಳಿಸ್ತೀರಾ ಮೇಷ್ಟ್ರೇ?' ಅಂತ ನನ್ನನ್ನೇ ಪಾಠಕ್ಕೆ ಅಟ್ಟಿದ್ರು. ಅಳ್ತಾ ಅಳ್ತಾ ಲೆಕ್ಕ ತಪ್ಪು ಮಾಡ್ದೆ. ಹುಡುಗ್ರು ತಿದ್ದಿದ್ರು."

"ಜೀವಮಾನವಿಡೀ ಅವಳ ಮಾತಿಗೆ ಅಡ್ಡಗಾಲು ಹಾಕಿದೋರು, ಇವತ್ತೇನು ಅವಳ ಪಕ್ಷ?" ಎಂದು ಕುಟುಕಿದೆ.

"ಎದುರಿಗೆ ಆ ತಾಯೇ ಇಲ್ವಲ್ಲಯ್ಯಾ. ಒಬ್ಬನೇ ಜಗಳ ಆಡಿ ಗೆದ್ದು ಏನ್ಮಾಡ್ಲಿ?"

ರಜೆ ಬೇಡವೆಂದು ಕುಲಪತಿಗಳಿಗೆ ಹೇಳಿದೆ.

ಮಧ್ಯಾಹ್ನ ಅಕ್ಕನನ್ನು ವಿಶ್ವವಿದ್ಯಾಲಯದ ಅಂಗಳದ ಮೂಲಕವೇ ಒಯ್ದೆವು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಷ್ಟೇನಾ ಇವಳಿಗೆ ಸಂದ ಮರ್ಯಾದೆ ಎನಿಸಿತು. ಆಮೇಲೆ ಕಿಟಕಿಗಳತ್ತ ನೋಡಿದೆ. ತರಗತಿಯ ಹೊಸ್ತಿಲು ತುಳಿಯದ ಉಂಡಾಡಿಗಳೆಲ್ಲ ಅಂದು ಬಂದುಬಿಟ್ಟಿದ್ದರು. ಬೆಂಚು ಸಾಲದೆ ನೆಲದ ಮೇಲೆ, ಬಾಗಿಲ ಬಳಿ ಒತ್ತೊತ್ತಾಗಿ ಕುಳಿತಿದ್ದರು. ಯಾರೂ ಹೊರಗೆ ಇಣುಕಲಿಲ್ಲ. ಪಾಠ ನಡೆದೇ ಇತ್ತು.

"ನೋಡಯ್ಯಾ, ಬದುಕಿದ್ದಾಗ ಬೈದು ಬೈದೂ ನಿಮ್ಮಕ್ಕನ ಕೈಲಿ ಇವರನ್ನ ಕೂರಿಸೋಕಾಗಿರ್ಲಿಲ್ಲ," ಎಂದು ನಗಲು ಹೋದ ಮೇಷ್ಟ್ರು ನನ್ನ ಹೆಗಲ ಮೇಲೆ ಅತ್ತುಬಿಟ್ಟರು.

ದೇವರೇ, ನಿನ್ನಲ್ಲಿಗೆ ಬರುತ್ತಿರುವವಳು ಸುಮ್ಮನಿರುವವಳಲ್ಲ. ಏನಾದರೂ ಕಟ್ಟೋಣವೆಂದು ನಿನ್ನ ಬೆನ್ನು ಹತ್ತುತ್ತಾಳೆ. ಬಹಳ ದಣಿದಿದ್ದಾಳೆ ತಂದೆ. ಮೊದಲು ಅವಳ ಆತ್ಮಕ್ಕೆ ಶಾಂತಿ ಕೊಡು.