ಒಂದು ಡಬ್ಬಿ ಖಡಕ್ ರೊಟ್ಟಿ

ಲಂಡನ್ನಿನ ಕ್ಯಾನರಿ ವಾರ್ಫ್‌ನ ಆಫೀಸುಗಳಲ್ಲಿ ಈಗ ಕೆಲಸ ಮಾಡಿದರಷ್ಟೇ ಸಾಲದು, ಯಾಕೆ ಮಾಡುತ್ತೀರಿ ಅಂತಲೂ ಬರೆದುಕೊಡಬೇಕು. ಸ್ಫೂರ್ತಿಯ ಮಾರ್ಕೆಟಿಂಗ್ ಕಂಪನಿ ಸೋಪು, ಶಾಂಪೂ ಮುಟ್ಟುವುದಿಲ್ಲ, ಸೇವಾಸಂಸ್ಥೆಗಳಿಗೆ ಮಾತ್ರ ಪ್ರಚಾರ ಮಾಡಿಕೊಡುತ್ತದೆ. ಹಾಗಾಗಿ ಅಲ್ಲಿ ಈ ಕಾಟ ಇನ್ನೂ ಒಂದು ಕೈ ಹೆಚ್ಚು.

"ಚಿಕ್ಕವಳಿದ್ದಾಗ ಯಾವುದರ ಹುಚ್ಚಿತ್ತು, ಎಲ್ಲೆಲ್ಲಿ ಸುತ್ತಿದೆ, ಅದರಿಂದ ಲೈಫಲ್ಲಿ ಗುರಿ ಹೇಗೆ ಸಿಕ್ತು. ಮುನ್ನೂರು ವರ್ಡ್ಸ್ ಸಾಕು," ಅಂದಿದ್ದ ಅವಳ ಬಾಸ್, ಬೆಂಗಳೂರಿನ ಶಿಶಿರ್. ಅದು ಕಂಪನಿಯ ವೆಬ್‌ಸೈಟಿಗೆ ಹೋಗುತ್ತದೆ. ಅದಕ್ಕೂ ಮೊದಲು, ಗುರುವಾರ, ಒಂದು ಸಂಸ್ಥೆಯವರ ಮುಂದೆ ಸ್ಫೂರ್ತಿ ಅದನ್ನೇ ಓದಿ ಮಾತು ಶುರುಮಾಡಬೇಕು. ಆಸ್ಪತ್ರೆಗಳಲ್ಲಿ ರೋಗಿಗಾಗಿ ಕಾಯುತ್ತ ದಿಕ್ಕು ತೋಚದೆ ಕೂತ ಮನೆಮಂದಿಗೆ ಫೋನಿನಲ್ಲಿ ದಾರಿ ಹೇಳುವ ಸಂಸ್ಥೆ ಅದು. ಅವರ ಪ್ರಚಾರದ ಕೆಲಸ ಸಿಕ್ಕಿತೆಂದರೆ ಸ್ಫೂರ್ತಿಗೆ ತನ್ನದೇ ಒಂದು ತಂಡ. ಎಂಟು ವರ್ಷದಿಂದ ಅವಳು ಬಾಯಿ ಬಿಡದೆ ದುಡಿದದ್ದು ಅದಕ್ಕೇ.

ಬುಧವಾರ ಸಂಜೆ ಫೆಲ್ಥಮ್‌ನ ಮನೆಯಲ್ಲಿ ಬರೆದದ್ದನ್ನು ಅಪ್ಪ ಅಮ್ಮನಿಗೆ ಓದಿ ತೋರಿಸಿದಳು. ಅಪ್ಪ ಶೇಖರಪ್ಪ ವಿಜಯಪುರದಿಂದ ಬಂದವರು, ಹೀಥ್ರೋ ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರಿ ಇಳಿಸಿ ರಿಟೈರ್ ಆದವರು. ಆ ನೌಕರಿಯ ದೆಸೆಯಿಂದ ಮನೆಯವರಿಗೆ ಅಗ್ಗದಲ್ಲಿ ವಿಮಾನದ ಟಿಕೆಟ್ ಸಿಗುತ್ತಿತ್ತು, ಆದರೆ ಸೀಟು ಉಳಿದರೆ ಮಾತ್ರ ಹತ್ತಬಹುದು. ಹಾಗಾಗಿ ಆ ಮನೆಯ ಸೂಟ್‌ಕೇಸಿನಲ್ಲಿ ಸ್ವೆಟರ್ರೂ ಇರುತ್ತಿತ್ತು, ತೆಳು ಅಂಗಿಯೂ ಇರುತ್ತಿತ್ತು. ಯಾವ ವಿಮಾನದಲ್ಲಿ ಜಾಗವೋ ಆ ದೇಶ. ಇದರ ಜೊತೆಗೆ ಅಮ್ಮ ಬಸಲಿಂಗವ್ವನ ಒಂದು ಡಬ್ಬಿ ಖಡಕ್ ರೊಟ್ಟಿ, ಎಲ್ಲಾದರೂ ಸಿಕ್ಕಿಬಿದ್ದರೆ ಇರಲಿ ಅಂತ.

"ಒಂಬತ್ತನೇ ವಯಸ್ಸಿನಲ್ಲಿ ನೈರೋಬಿಯ ಬೀದಿಯಲ್ಲಿ ಹಸಿದ ಮಕ್ಕಳ ಕಣ್ಣು ನೋಡಿದ ದಿನವೇ..." ಎಂದು ಸ್ಫೂರ್ತಿ ಓದುತ್ತಿದ್ದಂತೆ ಶೇಖರಪ್ಪ ಕೈ ಎತ್ತಿದರು.

"ಬೀದಿ? ಯಾವ ಬೀದಿ? ವಿಮಾನದಾಗ ಜಾಗ ಸಿಗದ ಒಂದು ರಾತ್ರಿ ಅಲ್ಲಿ ಸಿಕ್ಕಿಬಿದ್ದಿದ್ವಿ, ಅಷ್ಟ. ನಾವು ಏರ್‌ಪೋರ್ಟ್ ಬಿಟ್ಟು ಹೊರಗ ಕಾಲಿಟ್ಟಿಲ್ಲಲ್ಲ."

"ಅಪ್ಪಾ, ಇಟ್ಸ್ ಎ ಸ್ಟೋರಿ. ಎಲ್ಲಾರೂ ಸ್ವಲ್ಪ ಪಾಲಿಶ್ ಮಾಡ್ತಾರ."

ಬಸಲಿಂಗವ್ವ ಒಳಗೆ ಹೋಗಿ ಒಂದು ಕಾಗದದ ಚೀಲ ತಂದರು. ವಿಮಾನದಲ್ಲಿ ವಾಂತಿಗೆಂದು ಇಟ್ಟಿರುತ್ತಾರಲ್ಲ, ಅದು. ಸ್ಫೂರ್ತಿಗೆ ಆಗ ಅಂಥ ಚೀಲಗಳ ಮೇಲೆ ಚಿತ್ರ ಬರೆಯುವ ಹುಚ್ಚು. ಇದರಲ್ಲಿ ನೀರಿನ ನಲ್ಲಿ, ಕಕ್ಕಸು, ಮಲಗಲು ಬೆಂಚು, ಎಲ್ಲಕ್ಕೂ ಬಾಣದ ಗುರುತು. ಕೊನೆಗೆ ದೊಡ್ಡ ಕುಂಕುಮದ ಹೆಂಗಸೊಬ್ಬಳು, ಕೈಯಲ್ಲಿ ದುಂಡನೆಯ ರೊಟ್ಟಿ. ನಾಲ್ಕೂ ಮೂಲೆಗೆ, ಹಣೆಗೆ ಅಂಟಿಸಿಕೊಳ್ಳುವ ಟಿಕಳಿ, ಬಣ್ಣಗೆಟ್ಟದ್ದು.

"ಇದನ್ನ ಅಲ್ಲಿ ಗ್ವಾಡಿಗೆ ಹಚ್ಚಿ ಬಂದಿ. ನನ್ನ ಟಿಕಳಿ ಪಾಕೀಟೇ ಖಾಲಿ ಮಾಡಿದ್ದಿ," ಎಂದರು ಅಮ್ಮ.

ಸ್ಫೂರ್ತಿಗೆ ನೆನಪಿತ್ತು. ಗುರುತಿಲ್ಲದ ಜನ ಚಿತ್ರ ನೋಡಿ ನಕ್ಕು ಅವಳ ಕೆನ್ನೆ ತಟ್ಟಿದ್ದರು. "ಆಮ್ಯಾಲೆ?"

"ಆಮ್ಯಾಲೇನು, ಅರ್ಧಾ ತಾಸಿನ್ಯಾಗ ನಮ್ಮಂಗ ಸಿಕ್ಕಿಬಿದ್ದ ನಲವತ್ತು ಮಂದಿ ನನ್ನ ಮುಂದ ಬಂದು ನಿಂತ್ರು. ಕೂಸುಗಳನ್ನ ಎತಗೊಂಡು ಬಂದೋರಿಗೆ ಇಲ್ಲ ಅನ್ನೂದು ಹ್ಯಾಂಗ? ಡಬ್ಬಿ ಮುಗೀತು. ನಿನಗ ಅಂತ ಎರಡು ತಗದಿಟ್ಟಿದ್ದೆ."

"ನೀವು?"

"ಅಂಗಡಿ ಎಲ್ಲಾ ಮುಚ್ಚಿದ್ದೂ, ನೀರು ಕುಡುದು ಮಕ್ಕೊಂಡಿವಿ. ಮರುದಿನ ವಿಮಾನ ಹತ್ತೂತನಕ ಹಂಗ."

"ಹಿಂದಿಂದ ಬಂದೋರಿಗೆ ರೊಟ್ಟಿ ಸಿಗಲಿಲ್ಲಂತ ನಿಮ್ಮವ್ವನ್ನ ಬೈದು ಹೋದ್ರು, ಅದನ್ನೂ ಹೇಳು," ಎಂದು ಶೇಖರಪ್ಪ ನಕ್ಕರು.

ಸ್ಫೂರ್ತಿಗೆ ನಗು ಬರಲಿಲ್ಲ. "ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ನೀ ಅಷ್ಟು ಖುಷೀಲೆ ಇದ್ದಿ, ಯವ್ವಾ. ಏನಂತ ಹೇಳೂದು?"

ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಅಂದು ಅಮ್ಮನನ್ನು ಒಂದು ಮಾತು ಕೇಳದೆ ಅವರ ಚಿತ್ರ ಬರೆದು ಅಂಟಿಸಿದ್ದಳು. ನಾಳೆ ಮಾಡಹೊರಟದ್ದೂ ಅದೇ ಕೆಲಸ: ಸಂಸ್ಥೆಯ ಫೋನ್ ನಂಬರನ್ನು ಲಂಡನ್ನಿನ ಬಸ್ಸು, ಟ್ಯೂಬ್ ರೈಲುಗಳ ಮೇಲೆಲ್ಲ ಹಾಕುವುದು. ಆ ಫೋನ್ ಎತ್ತುವವರು ಎಷ್ಟು ಜನ ಎಂದು ಆಫೀಸಿನಲ್ಲಿ ಒಬ್ಬರೂ ಕೇಳಿರಲಿಲ್ಲ.

ಗುರುವಾರ ಅವಳು ಬರೆದದ್ದನ್ನು ಓದಲಿಲ್ಲ. ವಾಂತಿಯ ಚೀಲವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ನಡೆದಂತೆ ಹೇಳಿದಳು. ಶಿಶಿರನ ಮುಖ ಸಪ್ಪಗಾಯಿತು. ಆಮೇಲೆ ಅವಳು ಸಂಸ್ಥೆಯ ಮುಖ್ಯಸ್ಥೆಯನ್ನು ಕೇಳಿದಳು: "ನಿಮ್ಮಲ್ಲಿ ಫೋನ್ ಎತ್ತುವವರು ಎಷ್ಟು ಜನ?"

ಆಕೆ ಪಕ್ಕದವನ ಮುಖ ನೋಡಿದರು. "ಆರು. ಇಬ್ಬರು ವಾರಕ್ಕೆ ಎರಡೇ ದಿನ ಬರುತ್ತಾರೆ."

"ಹಾಗಿದ್ದರೆ ಈ ಪೋಸ್ಟರುಗಳನ್ನು ಈಗ ಹಾಕಬೇಡಿ. ಒಂದೇ ಆಸ್ಪತ್ರೆಯಿಂದ ಶುರುಮಾಡೋಣ. ಜನ ಹೆಚ್ಚಾದ ಮೇಲೆ ಮುಂದಿನದು."

ಲಿಫ್ಟಿನಲ್ಲಿ ಶಿಶಿರ್ ತಲೆ ಚಚ್ಚಿಕೊಂಡ. "ಕೈಯಾರೆ ಹಾಳು ಮಾಡ್ಕೊಂಡ್ಬಿಟ್ಯಲ್ಲಾ, ಸ್ಫೂರ್ತಿ!"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೋಮವಾರ ಸಂಸ್ಥೆಯವರು ಒಪ್ಪಿಗೆ ಕಳಿಸಿದರು, ಒಂದೇ ಆಸ್ಪತ್ರೆಗೆ. ಅಷ್ಟು ಸಣ್ಣ ಕೆಲಸಕ್ಕೆ ತಂಡ ಯಾರು ಕೊಡುತ್ತಾರೆ? ಸ್ಫೂರ್ತಿಗೆ ಬೇಸರವಾಯಿತು, ಒಂದು ದಿನ ಊಟವೂ ಸೇರಲಿಲ್ಲ. ಆದರೂ ವೆಬ್‌ಸೈಟಿಗೆ ಕೊಟ್ಟಿದ್ದ ಮುನ್ನೂರು ಪದಗಳನ್ನು ತಾನೇ ಅಳಿಸಿ ಬೇರೆ ಬರೆದಳು:

"ಒಂಬತ್ತನೇ ವಯಸ್ಸಿನಲ್ಲಿ ನಾನು ಬರೆದ ಮೊದಲ ಜಾಹೀರಾತಿಗೆ ನಲವತ್ತು ಜನ ಬಂದರು. ಆ ರಾತ್ರಿ ನನ್ನ ಅಪ್ಪ ಅಮ್ಮ ಉಪವಾಸ ಮಲಗಿದರು. ನನಗೆ ಅದು ಗೊತ್ತಾದದ್ದು ಕಳೆದ ಬುಧವಾರ."